ಎರಡು ಲಾಟೀನು, ಒಂದು ದೀಪಸ್ತಂಭ

ದೀಪಸ್ತಂಭ ಅಂದರೆ ನನಗೆ ಬಹಳ ವರ್ಷ ದೇವಸ್ಥಾನದ ಎದುರಿನ ಕಲ್ಲುಕಂಬ. ಕಾರ್ತಿಕದಲ್ಲಿ ಅದರ ಮೈತುಂಬ ಹಣತೆ ಇಡುವುದು, ಗಾಳಿ ಬೀಸಿ ಅರ್ಧ ಆರಿಹೋಗುವುದು, ಆರಿದ್ದನ್ನು ಮತ್ತೆ ಹಚ್ಚುವ ಕೆಲಸ ನಮ್ಮಂಥ ಹುಡುಗರ ಪಾಲಿಗೆ ಬರುವುದು. ಹಾಗಾಗಿ ಪಾಠದ ಪುಸ್ತಕದಲ್ಲಿ ಹಡಗಿಗೆ ದಾರಿ ತೋರಿಸುವ ದೀಪಸ್ತಂಭದ ವಿಷಯ ಬಂದಾಗ, ಸಮುದ್ರದ ನಡುವೆ ಒಂದು ದೇವಸ್ಥಾನ ಇದೆ, ಭಟ್ಟರು ದಿನಾ ಸಂಜೆ ದೋಣಿಯಲ್ಲಿ ಹೋಗಿ ಕಂಬಕ್ಕೆ ಎಣ್ಣೆ ಎರೆದು ಬರುತ್ತಾರೆ ಅಂದುಕೊಂಡಿದ್ದೆ. ಸಾಗರ ಪೇಟೆಯವರು ಕೇಳಿದ್ದರೆ ನಗುತ್ತಿದ್ದರು. ತುಮರಿ ಕಡೆಯ ನಮಗೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಭಟ್ಟರು, ಮೇಷ್ಟ್ರು, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸರು ಎಲ್ಲರೂ ನೀರು ದಾಟಿಯೇ ಬರಬೇಕಿತ್ತು, ದಾಟಿಯೇ ಹೋಗಬೇಕಿತ್ತು.

ನಮ್ಮದು ಸಮುದ್ರವಲ್ಲ, ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದ ಮೇಲೆ ಶರಾವತಿ ಹಿಂದಕ್ಕೆ ತಿರುಗಿ ಗದ್ದೆ, ತೋಟ, ಊರು ಎಲ್ಲವನ್ನೂ ಹತ್ತಿ ಕೂತಳು. ಪೂರ್ತಿ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಶಾಲೆಯ ಮೆಟ್ಟಿಲು ಹತ್ತದ ಮುದುಕರಿಗೂ ನಮ್ಮಲ್ಲಿ ಈ ಸಂಖ್ಯೆ ಬಾಯಿಪಾಠ. ಮಳೆಗಾಲದಲ್ಲಿ ಇಬ್ಬರು ಎದುರಾದರೆ ಊಟ ಆಯ್ತಾ ಅನ್ನುವುದಕ್ಕಿಂತ ಮೊದಲು “ಎಷ್ಟ್ ಅಡಿ ಆಯ್ತಂತೆ?”

ಮುಳುಗಿದ ಕಾಡನ್ನು ಪೂರ್ತಿ ಕಡಿದಿರಲಿಲ್ಲ. ಮರಗಳು ನಿಂತಲ್ಲೇ ಸತ್ತವು, ಕೊಂಬೆ ಉದುರಿದವು, ಬೊಡ್ಡೆ ಉಳಿದವು. ನೀರೊಳಗಿನ ಮರ ಅಷ್ಟು ಬೇಗ ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಎದ್ದು ಕಾಣುತ್ತವೆ, ಆಗ ದೋಣಿ ನಡೆಸುವವನಿಗೆ ಭಯವಿಲ್ಲ. ಭಯ ಇರುವುದು ಮಳೆಗಾಲ ಕಳೆದ ಮೇಲೆ. ಆಗ ಬೊಡ್ಡೆಯ ತಲೆ ನೀರಿಂದ ಗೇಣು ಕೆಳಗೆ ಕಾಯುತ್ತಿರುತ್ತದೆ.

ಸಂಜೆಯ ಕೊನೇ ಲಾಂಚ್ ತಪ್ಪಿದರೆ ಅಥವಾ ಲಾಂಚಿನ ಕಡವು ದೂರ ಅನ್ನಿಸಿದರೆ ಜನ ತಮ್ಮದೇ ದೋಣಿಯಲ್ಲಿ ದಾಟುತ್ತಿದ್ದರು. ನಮ್ಮ ಮನೆಯಿಂದ ಯಾರಾದರೂ ಸಾಗರಕ್ಕೆ ಹೋದ ದಿನ ಅಜ್ಜ ಕತ್ತಲಾಗುವ ಮೊದಲೇ ಎರಡು ಲಾಟೀನು ಹೊರಗೆ ತರುತ್ತಿದ್ದ. ಒಲೆಯ ಬೂದಿ ಹಾಕಿ ಹಳೇ ಪಂಚೆಯ ತುಂಡಿನಿಂದ ಗಾಜು ತಿಕ್ಕುವುದು, ಗಾಜಿನೊಳಗೆ ಬಾಯಿ ಇಟ್ಟು ಹಾ ಅಂತ ಉಸಿರು ಬಿಟ್ಟು ಮತ್ತೆ ಒರೆಸುವುದು, ಬತ್ತಿಯ ಕರಕಲು ಮೂಲೆ ಅಡಕತ್ತರಿಯಲ್ಲಿ ಕತ್ತರಿಸುವುದು. ಬತ್ತಿ ಓರೆಯಾದರೆ ಉರಿಗೆ ಕೋಡು ಬರುತ್ತದೆ, ಗಾಜಿನ ಒಂದು ಮಗ್ಗುಲು ಕಪ್ಪಾಗುತ್ತದೆ. ಅಜ್ಜ ಅಡಕೆಯನ್ನೂ ಅಷ್ಟು ಜಾಗ್ರತೆಯಿಂದ ಕತ್ತರಿಸುತ್ತಿರಲಿಲ್ಲ. ಎರಡಕ್ಕೂ ಚಿಮಣಿ ಎಣ್ಣೆ ತುಂಬಿ, ಒಂದನ್ನು ನೀರಿನಂಚಿನ ಗೂಟಕ್ಕೆ ನೇತುಹಾಕುತ್ತಿದ್ದ. ಇನ್ನೊಂದು ಹಿಂದೆ, ದಿಬ್ಬದ ಮೇಲಿನ ಮತ್ತಿಮರಕ್ಕೆ. ನೀರಿನ ಮೇಲಿಂದ ನೋಡುವವನಿಗೆ ಒಂದು ಕೆಳಗೆ, ಒಂದು ಮೇಲೆ. ಎರಡೂ ಒಂದರ ತಲೆ ಮೇಲೆ ಒಂದು ಕೂತಿದ್ದರೆ ದೋಣಿ ಸರಿಯಾದ ಜಾಡಿನಲ್ಲಿದೆ. ಕೆಳಗಿನದು ಎಡಕ್ಕೆ ಸರಿದರೆ ನೀನೂ ಎಡಕ್ಕೆ ಹುಟ್ಟು ಹಾಕು, ಬಲಕ್ಕೆ ಸರಿದರೆ ಬಲಕ್ಕೆ. ಅಷ್ಟೇ ಲೆಕ್ಕ. ನೀರು ಇಳಿದಂತೆ ದಡ ಹಿಂದೆ ಸರಿಯುತ್ತಿತ್ತು, ಹೊಸ ಬೊಡ್ಡೆಗಳು ಏಳುತ್ತಿದ್ದವು, ಜಾಡು ಬದಲಾಗುತ್ತಿತ್ತು. ಆಗ ಗೂಟವೂ ಮರವೂ ಬದಲು.

ಬಹಳ ಆಮೇಲೆ ಗೊತ್ತಾಯಿತು, ಬಂದರುಗಳಲ್ಲಿ ಹಡಗನ್ನು ಒಳಗೆ ತರುವುದಕ್ಕೆ ಜೋಡಿ ದೀಪ ಇಡುವ ಪದ್ಧತಿ ಜಗತ್ತಿನಲ್ಲೆಲ್ಲ ಇದೆ ಅಂತ. ಮುಂದಿನದು ತಗ್ಗು, ಹಿಂದಿನದು ಎತ್ತರ, ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿದು ಬಂದರೆ ಬಂಡೆ ತಾಗುವುದಿಲ್ಲ. ಅಜ್ಜನಿಗೆ ಇದನ್ನು ಘಟ್ಟದ ಕೆಳಗಿನ ದೋಣಿಯವರು ಯಾರೋ ಹೇಳಿಕೊಟ್ಟಿರಬೇಕು ಅಂದುಕೊಂಡು ಅಜ್ಜಿಯನ್ನು ಕೇಳಿದೆ. ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಹೇಳಿಕೊಡೂದು ಎಂತದಾ? ಅಡಕೆ ಸಸಿ ಸಾಲು ನೆಟ್ಟಗೆ ಬರಬೇಕು ಅಂದ್ರೆ ಎರಡು ಗೂಟ ಹಿಡ್ದು ನೋಡೂದಿಲ್ವನಾ? ಹಾಂಗೇಯ.”

ಈ ಏರ್ಪಾಡು ಒಂದೇ ಒಂದು ಸಲ ಕೈಕೊಟ್ಟಿತ್ತು. ನಾನು ಹುಟ್ಟುವ ಮುಂಚಿನ ಒಂದು ದೀಪಾವಳಿ. ಚಿಕ್ಕಪ್ಪ ಆಗಿನ್ನೂ ಮದುವೆಯಾಗದ ಹುಡುಗ, ಹಬ್ಬದ ಸಾಮಾನು ತರಲು ಸಾಗರಕ್ಕೆ ಹೋದವನು ಕತ್ತಲಲ್ಲಿ ದಾಟುತ್ತಿದ್ದ. ದೀಪಾವಳಿ ಅಂದರೆ ನಮ್ಮಲ್ಲಿ ಅಂಟಿಗೆ ಪಂಟಿಗೆ. ಒಂದು ದೀಪ ಹಚ್ಚಿಕೊಂಡು ತಂಡದವರು ರಾತ್ರಿಯೆಲ್ಲ ಹಾಡುತ್ತ ಊರೂರು ಸುತ್ತುತ್ತಾರೆ. ಆ ದೀಪ ಆರುವ ಹಾಗಿಲ್ಲ. ಮನೆಯವರು ಅದಕ್ಕೆ ಎಣ್ಣೆ ಎರೆದು, ಅದರಿಂದಲೇ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಅವತ್ತು ಪಕ್ಕದ ಊರಿನ ತಂಡ ನಮ್ಮ ಕಡವಿನಿಂದ ಸ್ವಲ್ಪ ಆಚೆ ದಿಬ್ಬ ಇಳಿಯುತ್ತಿತ್ತು. ಮುಂದಿನವನ ಕೈಯಲ್ಲಿ ದೀಪ, ಹಿಂದೆ ಎತ್ತರದಲ್ಲಿ ಬರುತ್ತಿದ್ದವನ ಕೈಯಲ್ಲಿ ದೊಂದಿ. ಚಿಕ್ಕಪ್ಪ ದೂರದಿಂದ ನೋಡಿದಾಗ ಒಂದರ ಮೇಲೊಂದು, ಸರಿಯಾಗಿ ಕೂತಿದ್ದವು. ಇನ್ನೇನು, ಅದನ್ನೇ ಹಿಡಿದು ಹುಟ್ಟು ಹಾಕಿದ.

ಬೊಡ್ಡೆ ದೋಣಿಯ ಹಲಗೆ ಸೀಳಿತು. ದಡ ಹತ್ತಿರವೇ ಇತ್ತು, ಕೂಗಿಗೆ ತಂಡದವರು ನೀರಿಗೆ ಹಾರಿ ಎಳೆದು ಹಾಕಿದರು. ಬೆಲ್ಲ ಕರಗಿತು, ಹೊಸ ಬಟ್ಟೆಯ ಗಂಟು ಮಾರನೇ ದಿನ ಸಿಕ್ಕಿತು. ಎಲ್ಲರೂ ಇಳಿದರೂ ದೀಪ ಹಿಡಿದವನು ಮಾತ್ರ ಇಳಿಯಲಿಲ್ಲ, ಕೈ ಮೇಲೆತ್ತಿಕೊಂಡು ದಡದಲ್ಲೇ ನಿಂತಿದ್ದ. ಅವನ ಮೇಲೆ ಚಿಕ್ಕಪ್ಪನಿಗೆ ಇವತ್ತಿಗೂ ಸಿಟ್ಟು. “ಮನುಷ್ಯ ಮುಳುಗ್ತಾ ಇದ್ರೂ ಅವನಿಗೆ ದೀಪದ್ದೇ ಚಿಂತೆ ಮಾರಾಯ” ಅಂತ. ನನಗೇನೋ ಅವನು ಮಾಡಿದ್ದು ತಪ್ಪು ಅನ್ನಿಸುವುದಿಲ್ಲ, ಆದರೆ ಮುಳುಗಿದ್ದು ನಾನಲ್ಲವಲ್ಲ.

ಆ ಮೇಲೆ ಅಜ್ಜ ಒಂದು ತಿದ್ದುಪಡಿ ಮಾಡಿದ. ನೀರಿನ ಕಡೆಯಿಂದ ಕೂ ಎಂದು ಕೇಳಿದರೆ ದಡದಲ್ಲಿದ್ದವರು ಕೆಳಗಿನ ಲಾಟೀನಿಗೆ ಮೊರ ಅಡ್ಡ ಹಿಡಿಯಬೇಕು, ತೆಗೆಯಬೇಕು. ಮೂರು ಸಲ. ಮೂರು ಸಲ ಕಣ್ಣು ಮುಚ್ಚಿ ತೆರೆದರೆ ಅದು ನಮ್ಮ ಮನೆ ದೀಪ. ಮೊರ ಹಿಡಿಯುವುದು ಅಜ್ಜಿಯ ಕೆಲಸವಾಯಿತು, ನಾನು ಸ್ವಲ್ಪ ಎತ್ತರವಾದ ಮೇಲೆ ನನ್ನದು.

ಕಾಪುವಿನ ದೀಪಸ್ತಂಭ ನೋಡಿದ್ದು ಶಾಲೆಯ ಪ್ರವಾಸದಲ್ಲಿ. ಹುಲಿಕಲ್ ಘಾಟಿ ಇಳಿಯುವಾಗ ಅರ್ಧ ಬಸ್ಸು ವಾಂತಿ ಮಾಡಿತ್ತು, ಉಳಿದರ್ಧ ಆ ವಾಸನೆಗೆ. ಉಡುಪಿ ದಾಟಿ ಕಾಪು ಮುಟ್ಟುವಾಗ ಸಂಜೆ. ಕಡಲಂಚಿನ ಬಂಡೆಯ ಮೇಲೆ ಪಟ್ಟೆ ಬಳಿದುಕೊಂಡು ನಿಂತಿದ್ದ ಅದನ್ನು ನೋಡಿ ನನಗೆ ಮೊದಲು ಅನ್ನಿಸಿದ್ದು, ಇದಕ್ಕೆ ಹಣತೆ ಇಡುವ ಜಾಗವೇ ಇಲ್ಲವಲ್ಲ ಅಂತ.

ಅದನ್ನು ಕಟ್ಟಿದ್ದು 1901ರಲ್ಲಿ. ಗೋಪುರದ ಎತ್ತರ ಸುಮಾರು 27 ಮೀಟರ್. ಅಷ್ಟು ಎತ್ತರ ಯಾಕೆ ಬೇಕೆಂದರೆ ಭೂಮಿ ದುಂಡಗಿದೆ. 27 ಮೀಟರ್ ಮೇಲಿನ ಕಣ್ಣಿಗೆ ದಿಗಂತ 18-19 ಕಿಲೋಮೀಟರ್ ಆಚೆ. ಹಡಗಿನಲ್ಲಿ ನೀರಿಂದ 10 ಮೀಟರ್ ಎತ್ತರದಲ್ಲಿ ನಿಂತವನಿದ್ದರೆ ಅವನ ಪಾಲಿನ 11 ಕಿಲೋಮೀಟರ್ ಸೇರುತ್ತದೆ. ಅಂದರೆ ಹೆಚ್ಚುಕಡಿಮೆ 30 ಕಿಲೋಮೀಟರ್ ದೂರದಲ್ಲೇ ಅವನಿಗೆ ದೀಪ ದಿಗಂತದಿಂದ ಮೇಲೇಳುತ್ತದೆ. ಅಜ್ಜ ಎರಡನೇ ಲಾಟೀನನ್ನು ದಿಬ್ಬದ ಮರಕ್ಕೆ ಕಟ್ಟಿದ್ದರ ಹಿಂದೆ ಇಷ್ಟೆಲ್ಲ ಲೆಕ್ಕ ಇರಲಿಲ್ಲ. ಎತ್ತರದ್ದು ದೂರಕ್ಕೆ ಕಾಣುತ್ತದೆ ಅನ್ನುವುದು ಮಾತ್ರ ಇತ್ತು.

1901ರಲ್ಲಿ ಕಾಪು ಮದ್ರಾಸ್ ಪ್ರಾಂತ್ಯ, ನಾವು ಮೈಸೂರು ಸಂಸ್ಥಾನ. ಘಟ್ಟದ ನೆತ್ತಿಯಲ್ಲಿ ಗಡಿ. ಅದಕ್ಕೂ ಮುಂಚೆ ಹಾಗಿರಲಿಲ್ಲ. ಇಕ್ಕೇರಿ, ಬಿದನೂರಿನ ಅರಸರಿಗೆ ಘಟ್ಟದ ಮೇಲೂ ಕೆಳಗೂ ಒಂದೇ ಸೀಮೆ. ನಮ್ಮ ಕಡೆಯ ಕಾಳುಮೆಣಸು ಹೇರೆತ್ತಿನ ಬೆನ್ನೇರಿ ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಬಸರೂರಿನಲ್ಲಿ ಹಡಗು ಹತ್ತುತ್ತಿತ್ತು. ಅದಕ್ಕಾಗಿಯೇ ಪೋರ್ಚುಗೀಸರು ಹೊನ್ನಾವರ, ಬಸರೂರಿನಲ್ಲಿ ಕೋಟೆ ಕಟ್ಟಿ ಕೂತರು, ಅದಕ್ಕಾಗಿಯೇ ಶಿವಪ್ಪನಾಯಕ 1650ರ ದಶಕದ ಮೊದಲಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊರಟ ರಾಯಭಾರಿಯ ಜತೆಗೂಡಿ, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ನದಿಯಲ್ಲಿ ದೋಣಿಯಲ್ಲೇ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋದ. ಆ ನದಿ ಇದೇ ಶರಾವತಿ. ಅವನು ಹತ್ತಿಬಂದ ನೀರಿನ ಮೇಲ್ಮಗ್ಗುಲಲ್ಲೇ ನಾನು ಮೊರ ಹಿಡಿದು ನಿಲ್ಲುತ್ತಿದ್ದದ್ದು.

ಗೋಪುರದೊಳಗಿನ ಸುರುಳಿ ಮೆಟ್ಟಿಲು ಹತ್ತಿದಾಗ ಅಲ್ಲಿನ ಕೆಲಸದವರೊಬ್ಬರು ಸಿಕ್ಕಿದರು. ನಮ್ಮ ಮೇಷ್ಟ್ರ ಪ್ರಶ್ನೆಗಳಿಗೆ ಉತ್ತರಿಸಿ ಸುಸ್ತಾಗಿ ಕೊನೆಗೆ ಅವರೇ ಒಂದು ಪ್ರಶ್ನೆ ಎಸೆದರು. “ಹಗಲು ದೀಪದ ಕೋಣೆಗೆ ಪರದೆ ಎಳೀತಾರೆ, ಯಾಕೆ ಗೊತ್ತುಂಟಾ?” ಧೂಳು ಬೀಳದಿರಲಿ ಅಂತ ಎಂದು ಮೇಷ್ಟ್ರು ಹೇಳಿದರು. “ಅಲ್ಲ ಮಾರಾಯ್ರೆ. ಬಿಸಿಲು ಒಳಗೆ ಬಂದ್ರೆ ಬೆಂಕಿ ಹಿಡೀತದೆ.” ಭೂತಗನ್ನಡಿ ಹಿಡಿದು ಒಣ ಎಲೆ ಸುಟ್ಟಿದ್ದ ನಮಗೆ ತಕ್ಷಣ ಅರ್ಥವಾಯಿತು. ಒಳಗಿನ ದೀಪದ ಬೆಳಕನ್ನು ಒಟ್ಟುಮಾಡಿ ಹೊರಗೆ ಎಸೆಯುವ ಗಾಜು, ಹೊರಗಿನ ಸೂರ್ಯನನ್ನೂ ಒಟ್ಟುಮಾಡಿ ಒಳಗೆ ಎಸೆಯುತ್ತದೆ. ಅದಕ್ಕೆ ಯಾವ ಕಡೆಯಿಂದ ಬಂದದ್ದು ಅನ್ನುವ ಭೇದವಿಲ್ಲ.

ಆ ಗಾಜಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಆಗುಸ್ತಾಂ ಫ್ರೆನೆಲ್, ಫ್ರಾನ್ಸಿನ ಎಂಜಿನಿಯರ್. ಅವನಿಗಿಂತ ಮುಂಚೆ ದೀಪದ ಹಿಂದೆ ಹೊಳಪಿನ ಲೋಹದ ತಟ್ಟೆ ಇಟ್ಟು ಬೆಳಕು ತಿರುಗಿಸುತ್ತಿದ್ದರು, ಬಹುಪಾಲು ಪೋಲಾಗುತ್ತಿತ್ತು. ದೊಡ್ಡ ಮಸೂರ ಇಡೋಣ ಅಂದರೆ ಅದು ದಪ್ಪವಾಗಿ, ಭಾರವಾಗಿ, ಬೆಳಕನ್ನು ತಾನೇ ನುಂಗುತ್ತದೆ. ಫ್ರೆನೆಲ್ ಮಸೂರದ ದಪ್ಪವನ್ನು ಕಿತ್ತು ಹಾಕಿ, ಬಾಗಿದ ಮೈಯನ್ನು ಮಾತ್ರ ಬಳೆ ಬಳೆಯಾಗಿ ಉಳಿಸಿಕೊಂಡ. ಈರುಳ್ಳಿಯನ್ನು ಅಡ್ಡ ಕೊಯ್ದರೆ ಕಾಣುವುದಲ್ಲ, ಹೆಚ್ಚುಕಡಿಮೆ ಹಾಗೆ. ಅವನ ಮೊದಲ ಮಸೂರ 1823ರಲ್ಲಿ ಫ್ರಾನ್ಸಿನ ಕಾರ್ಡುವಾಂ ದೀಪಸ್ತಂಭದಲ್ಲಿ ಬೆಳಗಿತು. ನಾಲ್ಕು ವರ್ಷಕ್ಕೆ ಕ್ಷಯದಿಂದ ತೀರಿಕೊಂಡ, ವಯಸ್ಸು 39.

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬಂದ ದೊಡ್ಡ ದೀಪಸ್ತಂಭಗಳ ಯಂತ್ರ ಬಹಳ ಸರಳ, ಬಹಳ ಚಂದ. ಟನ್ನುಗಟ್ಟಲೆ ತೂಗುವ ಗಾಜಿನ ಪಂಜರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸುತ್ತಿದ್ದರು, ಬೆರಳಲ್ಲಿ ತಳ್ಳಿದರೂ ತಿರುಗಬೇಕು. ತಿರುಗಿಸಲು ಗಡಿಯಾರದಂಥ ಹಲ್ಲುಚಕ್ರ, ಅದಕ್ಕೆ ಶಕ್ತಿ ಕೊಡಲು ಗೋಪುರದ ನಡುವೆ ಬಾವಿಗೆ ಕೊಡ ಬಿಟ್ಟ ಹಾಗೆ ನಿಧಾನ ಇಳಿಯುವ ಒಂದು ಭಾರದ ಗುಂಡು. ಗುಂಡು ತಳ ಮುಟ್ಟುವ ಮೊದಲೇ ಕಾವಲುಗಾರ ಎದ್ದು ಮತ್ತೆ ಸುತ್ತಿ ಮೇಲೆತ್ತಬೇಕು. ರಾತ್ರಿ ಪೂರ್ತಿ ಇದೇ. ಗಾಜು ತಿರುಗಿದಂತೆ ಬೆಳಕಿನ ಕೋಲುಗಳು ಕಡಲ ಮೇಲೆ ಗುಡಿಸುತ್ತ ಹೋಗುತ್ತವೆ, ಹಡಗಿನವನಿಗೆ ಅದು ಮಿಂಚಿ ಆರಿದ ಹಾಗೆ ಕಾಣುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಅನ್ನುವುದು ಅಕ್ಕಪಕ್ಕದ ದೀಪಸ್ತಂಭಗಳಲ್ಲಿ ಬೇರೆಬೇರೆ. ನಾವಿಕ ಗಡಿಯಾರ ಹಿಡಿದು ಎಣಿಸಿ, ಪುಸ್ತಕ ತೆರೆದು ನೋಡಿದರೆ ಇದು ಯಾವ ಊರು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಕರಗುವುದು ಬೆಲ್ಲದ ಗಂಟಲ್ಲ. ಇದನ್ನು ಓದಿದ ದಿನ ಅಜ್ಜಿಗೆ ಫೋನ್ ಮಾಡಿ ಮೊರದ ಕತೆ ಮತ್ತೆ ಕೇಳಿದೆ.

ಇನ್ನೊಂದು ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಸ್ವಲ್ಪ ದಾರಿ ತಪ್ಪಿದರೂ ಸರಿ. ಕಾಪುವಿನ ಗೋಪುರ ಎದ್ದ ಅದೇ 1901ರಲ್ಲಿ ಆರ್ಥರ್ ಕಿಟ್ಸನ್ ಎಂಬಾತ ದೀಪಸ್ತಂಭಕ್ಕೆಂದು ಹೊಸ ಬರ್ನರ್ ಮಾಡಿದ. ಸೀಮೆಎಣ್ಣೆಯನ್ನು ಒತ್ತಡದಲ್ಲಿ ಆವಿ ಮಾಡಿ ಮ್ಯಾಂಟಲ್‌ನೊಳಗೆ ಉರಿಸುವುದು. ಇದೇನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನಕ್ಕೆ, ಮದುವೆ ಚಪ್ಪರಕ್ಕೆ ಪಂಪು ಹೊಡೆದು ಹಚ್ಚುತ್ತಿದ್ದೆವಲ್ಲ, ಆ ಗ್ಯಾಸ್‌ಲೈಟು. ಒಂದು ಸಲ ಉರಿದ ಮೇಲೆ ಮ್ಯಾಂಟಲ್ ಬೂದಿಯ ಬಲೆ, ಊದಿದರೆ ಉದುರುತ್ತದೆ, ಆದರೂ ಬೆಳ್ಳಗೆ ಬೆಳಗುತ್ತದೆ. ಹಾಗೆ ಬೆಳಗಿಸುವುದು ಥೋರಿಯಂ. ಥೋರಿಯಂ ಸಿಗುವುದು ಮೊನಜೈಟ್ ಮರಳಿನಲ್ಲಿ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನಿಗೆ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡ ಮರಳಿನಲ್ಲಿ ಅದು ಕಣ್ಣಿಗೆ ಬಿತ್ತು. ಕಡಲ ಮರಳು ನಾರಿನ ಜತೆ ಹಡಗು ಹತ್ತಿ ಹೋಗಿ, ಮ್ಯಾಂಟಲ್ ಆಗಿ, ಕಡಲ ದೀಪದಲ್ಲೇ ಉರಿಯುವ ಹಾಗಾಯಿತು. ಚೌಡಿಕೆರೆಯ ಬಯಲಾಟದಲ್ಲಿ ಗ್ಯಾಸ್‌ಲೈಟಿನ ಸುತ್ತ ದೀಪದ ಹುಳ ಹಿಡಿಯುತ್ತಿದ್ದವನಿಗೆ ಇದೆಲ್ಲ ಆಗ ಎಲ್ಲಿ ಗೊತ್ತು.

ಈಗ ಬರ್ನರೂ ಇಲ್ಲ, ಗುಂಡು ಸುತ್ತುವವರೂ ಇಲ್ಲ. ಕರೆಂಟು ಬಂತು, ಎಲ್‌ಇಡಿ ಬಂತು, ಹಡಗಿನವನ ಕೈಗೆ ಜಿಪಿಎಸ್ ಬಂತು. 1927ರ ಕಾಯ್ದೆಯ ಹೆಸರಿನಲ್ಲಿ ‘ಲೈಟ್‌ಹೌಸ್’ ಇತ್ತು. 2021ರಲ್ಲಿ ಅದರ ಜಾಗಕ್ಕೆ ಬಂದ ಕಾಯ್ದೆಯ ಹೆಸರಿನಲ್ಲಿ ನೌಕಾಯಾನಕ್ಕೆ ನೆರವು ಅನ್ನುವ ಅರ್ಥದ ಮಾತಿದೆ, ದೀಪ ಇಲ್ಲ.

ಕಾಪುವಿನಲ್ಲಿ ಅವತ್ತು ಕತ್ತಲಾಗುವ ಹೊತ್ತಿಗೆ ನಮ್ಮನ್ನೆಲ್ಲ ಕೆಳಗಿಳಿಸಿದರು. ಬಂಡೆಯ ಬುಡದಲ್ಲಿ ನಿಂತು ದೀಪ ಹೊತ್ತುವುದನ್ನು ಕಾದೆವು. ಹೊತ್ತಿತು. ಬೆಳಕಿನ ಕೋಲು ತಲೆಯ ಮೇಲಿಂದ ಎಲ್ಲೋ ಹೋಯಿತು, ನಾವು ನಿಂತಲ್ಲಿ ಚಪ್ಪಲಿ ಹುಡುಕಲೂ ಟಾರ್ಚು ಬೇಕಾಯಿತು. ಆ ಕೆಲಸದವರು ಬೀಗ ಹಾಕಿ ಹೊರಡುತ್ತಿದ್ದರು. ಕೆಳಗೆ ಯಾಕೆ ಬೆಳಕಿಲ್ಲ ಅಂತ ಕೇಳಿದೆ. “ಕೆಳಗೆ ಬಿದ್ರೆ ಅದು ವೇಸ್ಟ್ ಅಲ್ವಾ?” ಅಂದರು, ಅವರ ಪಾಡಿಗೆ ಹೋದರು.

ಬಸ್ಸಿನಲ್ಲಿ ಘಾಟಿ ಹತ್ತುವಾಗ ನಿದ್ದೆ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ಗಾದೆ ಇದೆ, ಎಲ್ಲರೂ ಅದನ್ನು ಬೈಗುಳವಾಗಿ ಹೇಳುತ್ತಾರೆ. ದೀಪಸ್ತಂಭಕ್ಕೆ ಅದು ಬೈಗುಳವಲ್ಲ, ಅದನ್ನು ಮಾಡಿದ್ದೇ ಹಾಗೆ. ಆದರೆ ಶರಾವತಿಯ ವಿಷಯದಲ್ಲಿ? ನಮ್ಮ ಗದ್ದೆಗಳನ್ನು ಮುಳುಗಿಸಿದ ನೀರಿನಿಂದ ಹುಟ್ಟಿದ ಕರೆಂಟು ದೊಡ್ಡ ದೊಡ್ಡ ಕಂಬಗಳ ಮೇಲೆ ಕಾಡು ದಾಟಿ ಊರುಗಳಿಗೆ ಹೋಗುತ್ತಿತ್ತು. ನಮ್ಮ ಮನೆಗೆ ಅದು ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಲ್ಲಿಯವರೆಗೆ ನಾನು ಓದಿದ್ದು ಚಿಮಣಿ ಬುಡ್ಡಿಯ ಎದುರಿಗೆ, ಬೆಳಿಗ್ಗೆ ಮೂಗೊಳಗೆ ಮಸಿ. ಅರ್ಜಿ ಹಿಡಿದು ಹೋದ ಅಜ್ಜನಿಗೆ ಕಚೇರಿಯೊಂದರಲ್ಲಿ, ನಿಮ್ಮ ಕಡೆ ಮನೆ ಕಡಿಮೆ, ಲೈನು ಎಳೆದರೆ ಖರ್ಚು ಹುಟ್ಟುವುದಿಲ್ಲ ಅಂದಿದ್ದರಂತೆ. ಕೆಳಗೆ ಬಿದ್ದರೆ ವೇಸ್ಟು.

ಕಾಲೇಜಿಗೆ ಬಂದ ಮೇಲೆ ಗೆಳೆಯರ ಜತೆ ಕೊಡಚಾದ್ರಿ ಹತ್ತಿದೆ. 1343 ಮೀಟರ್. ನನ್ನ ಲೆಕ್ಕದ ಪ್ರಕಾರ ಅಲ್ಲಿಂದ ದಿಗಂತ 130 ಕಿಲೋಮೀಟರ್, ಕರಾವಳಿ ಅದರೊಳಗೇ ಬರುತ್ತದೆ, ದೀಪಸ್ತಂಭ ಕಾಣಲೇಬೇಕು. ಸೂರ್ಯ ಕಡಲಿಗೆ ಇಳಿದ ಮೇಲೆ ಎಲ್ಲರೂ ಚಳಿ ಅಂತ ಇಳಿದರು, ನಾನೊಬ್ಬ ಕೂತೆ. ಕೆಳಗೆ ಕರಾವಳಿ ಉದ್ದಕ್ಕೂ ಹೊತ್ತಿಕೊಂಡಿತು. ಪೇಟೆಗಳು, ಹೆದ್ದಾರಿ, ಕಡಲಲ್ಲಿ ಮೀನುಬೋಟುಗಳ ಸಾಲು. ಯಾವುದು ಮಿಂಚುತ್ತಿದೆ, ಯಾವುದು ಗಾಳಿಗೆ ಮಿನುಗುತ್ತಿದೆ ಎಂದು ಎಣಿಸುತ್ತ ಕೂತು ಕಣ್ಣು ನೊಂದಿತು. ಆಮೇಲೆ ತಿಳಿಯಿತು, ದೀಪಸ್ತಂಭದ ಗಾಜು ಬೆಳಕನ್ನು ಕಡಲಿನ ಮಟ್ಟಕ್ಕೆ ತೆಳ್ಳಗೆ ಹರಡುತ್ತದೆ, ಬೆಟ್ಟದ ನೆತ್ತಿಯಲ್ಲಿ ಕೂತವನು ಅದರ ಲೆಕ್ಕದಲ್ಲೇ ಇಲ್ಲ.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಎರಡು ಕಿಲೋಮೀಟರಿಗಿಂತ ಉದ್ದ. ಲಾಂಚಿಗೆ ಕಾಯುತ್ತ ಅರ್ಧ ಆಯುಷ್ಯ ಕಳೆದವರು ಮೊದಲ ವಾರ ಕೆಲಸವಿಲ್ಲದಿದ್ದರೂ ಆಚೆ ಹೋಗಿ ಈಚೆ ಬಂದರು. ಆ ವರ್ಷದ ದೀಪಾವಳಿಗೆ ನಾನು ಊರಿಗೆ ಹೋದಾಗ ಚಿಕ್ಕಪ್ಪನನ್ನು ಸಾಗರದ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುವುದಿತ್ತು. ವಾಪಸಾಗುವಾಗ ಕತ್ತಲೆ. ಕಾರಿನಲ್ಲಿ ಸೇತುವೆ ದಾಟಲು ಐದು ನಿಮಿಷವೂ ಬೇಕಾಗಲಿಲ್ಲ. ದಾಟಿದ ಮೇಲೆ ನಿಲ್ಲಿಸು ಅಂದ.

ಇಳಿದು ದಡದಲ್ಲಿ ನಿಂತ. ನೀರು ತುಂಬಿತ್ತು, ಒಂದು ಬೊಡ್ಡೆಯೂ ಕಾಣುತ್ತಿರಲಿಲ್ಲ. ಆಚೆ ದಡದಲ್ಲಿ ಅಂಗಡಿಗಳ ದೀಪ, ಸಿಗಂದೂರಿಗೆ ಬರುವ ವಾಹನಗಳ ಸಾಲು, ಯಾರದೋ ಮನೆಯ ಬಣ್ಣದ ಸೀರಿಯಲ್ ಸೆಟ್ಟು. ಚಿಕ್ಕಪ್ಪ ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಹೆಬ್ಬೆರಳು ನೆಟ್ಟಗೆ ಹಿಡಿದ. ಒಂದು ದೀಪಕ್ಕೆ ಇನ್ನೊಂದನ್ನು ಜೋಡಿಸಿ ನೋಡಿದ. ಕೈ ಸ್ವಲ್ಪ ಎಡಕ್ಕೆ ಸರಿಸಿದ, ಮತ್ತೆ ಬಲಕ್ಕೆ.

“ಇಷ್ಟೆಲ್ಲ ಇದ್ರೆ ಯಾವುದು ಹಿಡಿಯೂದು ಮಾರಾಯ” ಅಂದ. ಆಮೇಲೆ ಕಾರಿಗೆ ಬಂದು ಕೂತು, ಬಾಗಿಲು ಸರಿಯಾಗಿ ಬಿತ್ತಾ ಅಂತ ಎರಡು ಸಲ ಎಳೆದು ನೋಡಿದ.